ಅದೇ ಬಿ ಪಾಸಿಟಿವ್ ರಕ್ತ, ಈಗ ಮಗಳಿಗೆ ಹೊಂದುತ್ತಿಲ್ಲ ಅಂತಾರೆ, ಯಾಕೆ?

ಪ್ರಶ್ನೆ (ಚಿಂತಾಮಣಿಯ ಒಬ್ಬ ತಂದೆ): ಮೇಡಂ ನಮಸ್ಕಾರ. ಮಗಳಿಗೆ ಏಳು ವರ್ಷ, ಥಲಸ್ಸೀಮಿಯಾ ಮೇಜರ್, ಅಂದ್ರೆ ಮೈ ಸಾಕಷ್ಟು ಒಳ್ಳೆ ರಕ್ತ ಮಾಡಿಕೊಳ್ಳದ ಹುಟ್ಟು ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಹೋದ ಸಲ ಹಾಕಿಸಿ ಒಂದು ವಾರಕ್ಕೆ ಜ್ವರ ಬಂತು, ಕಣ್ಣು ಹಳದಿ ಆಯ್ತು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಹಿಮೋಗ್ಲೋಬಿನ್ ಮತ್ತೆ 7ಕ್ಕೆ ಇಳಿಯಿತು. ಈಗ ಕ್ರಾಸ್‌ಮ್ಯಾಚ್ ಆಗ್ತಿಲ್ಲ, ಆಂಟಿ-ಇ ಇದೆ ಅಂತ ಚೀಟಿ ಕೊಟ್ಟಿದ್ದಾರೆ. ಹಾಳಾದ ರಕ್ತ ಹಾಕಿಬಿಟ್ಟರಾ?

ಉತ್ತರ (ತುಮಕೂರು, ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್): ಇಲ್ಲ ಅಣ್ಣ, ರಕ್ತ ಹಾಳಾಗಿರಬೇಕು ಅಂತೇನಿಲ್ಲ. ಬಿ ಪಾಸಿಟಿವ್ ಅನ್ನೋದು ಬರೀ ಎರಡು ಗುರುತು. ಕೆಂಪು ಕಣದ ಮೇಲೆ ಇನ್ನೂ ನೂರಾರು ಗುರುತುಗಳಿವೆ: ಸಿ, ಇ, ಕೆಲ್, ಕಿಡ್, ಡಫಿ ಹೀಗೆ. ಮಗಳ ಕಣದಲ್ಲಿ ಇಲ್ಲದ ಗುರುತು ದಾನಿಯ ಕಣದಲ್ಲಿದ್ದರೆ ಅವಳ ಮೈ ಅದನ್ನು ಹೊರಗಿನದು ಅಂತ ಹಿಡಿದು ಅದರ ವಿರುದ್ಧ ಹೋರಾಡೋ ಆಂಟಿಬಾಡಿ ಮಾಡಿಕೊಳ್ಳಬಹುದು. ಆಂಟಿ-ಇ ಅಂದ್ರೆ ಇ ಗುರುತಿನ ವಿರುದ್ಧದ ಆಂಟಿಬಾಡಿ. ಪದೇಪದೇ ರಕ್ತ ತಗೊಳ್ಳೋರಲ್ಲಿ ಇದು ಜಾಸ್ತಿ. ಆಮೇಲೆ ಅದೇ ಗುರುತಿನ ರಕ್ತ ಹೋದರೆ ಕಣಗಳು ಒಡೆಯುತ್ತವೆ. ನೀವು ಬರೆದಿರೋದು ಅದರ ಹಾಗೇ ಇದೆ. ಇಂಥದ್ದು ಸಾಮಾನ್ಯವಾಗಿ ಮೂರು ದಿನದಿಂದ ಎರಡು ವಾರದ ಒಳಗೆ ಕಾಣಿಸುತ್ತದೆ. ಮತ್ತೆ ಹಾಗಾದರೆ ಕಾಯಬೇಡಿ, ಆವತ್ತೇ ಡಾಕ್ಟರ್ ಹತ್ತಿರ ಓಡಿ.

ಕ್ರಾಸ್‌ಮ್ಯಾಚ್ ಅಂದ್ರೆ ದಾನಿಯ ಕೆಂಪು ಕಣ ಮಗುವಿನ ರಕ್ತಕ್ಕೆ ಹೊಂದುತ್ತಾ ಅಂತ ಮೊದಲೇ ಟ್ಯೂಬಿನಲ್ಲಿ ಬೆರೆಸಿ ನೋಡೋದು. ನಾವು ಆ ಟ್ಯೂಬನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡುತ್ತೇವೆ. ಹೊಂದಿದರೆ ಕೆಂಪು ನಯವಾಗಿ ಹರಡುತ್ತದೆ. ಹೊಂದದಿದ್ದರೆ ಬಿಸಿನೀರಿಗೆ ಸುರಿದ ರಾಗಿ ಹಿಟ್ಟಿನ ಹಾಗೆ ಗಂಟುಗಂಟು. ಆ ಗಂಟು ಕಂಡಾಗೆಲ್ಲ ನನಗೆ ಮೊದಲು ನೆನಪಾಗೋದು ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕೂತಿರೋ ಅಮ್ಮಂದಿರು.

ಪ್ರಶ್ನೆ (ಮಾಲೂರಿನ ಒಬ್ಬ ತಾಯಿ): ಅಕ್ಕ, ನನ್ನ ಮಗನಿಗೂ ಹೀಗೇ ಆಗಿತ್ತು. ಈ ಸಲ ಟೆಸ್ಟ್‌ನಲ್ಲಿ ಆಂಟಿಬಾಡಿ ಇಲ್ಲ ಅಂತ ಬಂದಿದೆ. ವಾಸಿಯಾಯ್ತು ಅಲ್ವಾ? ನಾನೇ ರಕ್ತ ಕೊಟ್ಟರೆ ಇನ್ನೂ ಒಳ್ಳೇದಾ?

ಉತ್ತರ: ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಆಂಟಿಬಾಡಿ ಕಡಿಮೆಯಾಗಿ ಟೆಸ್ಟಿಗೆ ಸಿಗದೇ ಹೋಗಬಹುದು, ಕಿಡ್ ಗುರುತಿನದಂತೂ ಬೇಗ ಮರೆಯಾಗುತ್ತದೆ. ಆದರೆ ಮೈ ಮರೆತಿರೋದಿಲ್ಲ. ಒಂದು ಸಲ ಬಂದರೆ ಆ ಗುರುತಿಲ್ಲದ ರಕ್ತವೇ ಜೀವನಪೂರ್ತಿ ಬೇಕು. ಹಬ್ಬಕ್ಕೆ ತವರಿಗೆ ಹೋಗಿ ಬೇರೆ ಕಡೆ ಹಾಕಿಸಿದರೂ ಹಳೇ ಚೀಟಿ ತೋರಿಸಲೇಬೇಕು, ಯಾಕಂದ್ರೆ ಅವರ ಟೆಸ್ಟ್‌ನಲ್ಲಿ ಅದು ಕಾಣಿಸದೇ ಇರಬಹುದು. ಮನೆಯವರ ರಕ್ತ ಬೇಡ. ನಿಮ್ಮ ಬಿಳಿ ಕಣಗಳನ್ನು ಮಗನ ಮೈ ಗುರುತಿಸದೇ ಬಿಟ್ಟು ದೊಡ್ಡ ಅಪಾಯ ಆಗಬಹುದು, ಮುಂದೆ ಬೋನ್ ಮ್ಯಾರೋ ಕಸಿಗೂ ತೊಡಕು.

ಚಿಂತಾಮಣಿ ಅಣ್ಣ, ಒಂದು ನೋಡಿ ಹೇಳಿ. ಚೀಟಿಯಲ್ಲಿ ಇಂಗ್ಲಿಷಿನ ಇ ಅಕ್ಷರ ದೊಡ್ಡದಾ, ಸಣ್ಣದಾ? ಎರಡೂ ಬೇರೆ ಬೇರೆ. ಸುಮ್ನೆ ಕೈಯಲ್ಲಿ ನಕಲು ಮಾಡಬೇಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ಚಿಂತಾಮಣಿ: ದೊಡ್ಡದು ಮೇಡಂ.

ಉತ್ತರ: ಹಾಗಿದ್ರೆ ಸ್ವಲ್ಪ ನಿರಾಳ. ಸಣ್ಣ ಇ ಇಲ್ಲದ ದಾನಿಗಳು ನಮ್ಮಲ್ಲಿ ನೂರಕ್ಕೆ ಒಬ್ಬರೋ ಇಬ್ಬರೋ. ದೊಡ್ಡ ಇ ಇಲ್ಲದವರು ಹತ್ತರಲ್ಲಿ ಸುಮಾರು ಎಂಟು ಜನ. ಹುಡುಕಿದರೆ ಸಿಗುತ್ತದೆ, ಟೈಮ್ ಬೇಕು ಅಷ್ಟೇ. ಪ್ರತಿ ಸಲ ಹೊಸ ಸ್ಯಾಂಪಲ್ಲನ್ನು ಹಿಂದಿನ ದಿನವೇ ಕೊಟ್ಟುಬಿಡಿ. ಸಿ ಮತ್ತು ಕೆಲ್ ಕೂಡ ಹೊಂದಿಸಿ ಕೊಡೋಕೆ ಆಗುತ್ತಾ ಅಂತ ಕೇಳಿ.