ಮೈತುಂಬ ಹುಣ್ಣಿರುವ ಯೇಸುವಿನ ಚಿತ್ರವನ್ನು ಚಂದ ಅನ್ನೋದು ಹೇಗೆ?

ಬಣ್ಣದಡಬ್ಬಿ:
ಮೊನ್ನೆ ಜರ್ಮನ್ ಚಿತ್ರಕಾರ ಗ್ರೂನೆವಾಲ್ಟ್ ಬರೆದ ಇಸೆನ್‌ಹೈಮ್ ಬಲಿಪೀಠದ, ಅಂದರೆ ಚರ್ಚಿನ ಪೂಜಾವೇದಿಕೆಯ ಮೇಲೆ ನಿಲ್ಲಿಸುವ ಫಲಕಗಳ, ಚಿತ್ರ ನೋಡಿದೆ. ಪುಸ್ತಕದಲ್ಲಿ, ಎದುರಿಗಲ್ಲ. ಹೊಟ್ಟೆ ತೊಳೆಸಿದ ಹಾಗಾಯಿತು. ಶಿಲುಬೆಯ ಮೇಲಿನ ಯೇಸುವಿನ ಮೈ ಹಸಿರುಗಟ್ಟಿದೆ, ಎಲ್ಲೆಲ್ಲೂ ಹುಣ್ಣು, ಮುಳ್ಳು ಚುಚ್ಚಿಕೊಂಡಿವೆ, ಬೆರಳುಗಳು ಸೆಟೆದುಹೋಗಿವೆ. ಇದನ್ನು ಕ್ರೈಸ್ತ ಕಲೆಯ ಅತಿ ಸುಂದರ ಕೃತಿಗಳಲ್ಲಿ ಒಂದು ಅಂತ ಬರೆದಿದ್ದಾರೆ! ಭಕ್ತಿಗೋಸ್ಕರ ಬರೆದದ್ದು ಅಂತ ಸುಮ್ನೆ ಮರ್ಯಾದೆಗೆ ಚಂದ ಅಂತಾರಾ, ಇಲ್ಲ ನನ್ನ ಕಣ್ಣಿಗೇ ಏನೋ ತಪ್ಪಿಹೋಯಿತಾ? ಮತ್ತೆ ಕೆಳಗೆ ಒಂದು ಕುರಿಮರಿ ನಿಂತಿದೆಯಲ್ಲ, ಅದು ಯಾಕೆ?

ಹಳೇಕುಂಚ:
ಯಾರಿಗೋಸ್ಕರ ಬರೆದದ್ದು ಅನ್ನೋದನ್ನು ಬಿಟ್ಟು ನೋಡಿದರೆ ಅರ್ಧ ಚಿತ್ರ ಮಾತ್ರ ಕಾಣುತ್ತದೆ. ಸುಮಾರು 1512ರಿಂದ 1516ರ ನಡುವೆ, ಸಂತ ಅಂತೋನಿಯ ಹೆಸರಿನ ಸನ್ಯಾಸಿಗಳ ಮಠಕ್ಕೆ ಬರೆದದ್ದು. ಆ ಮಠದಲ್ಲಿ ಆಸ್ಪತ್ರೆ ಇತ್ತು. ಶಿಲೀಂಧ್ರ ಹತ್ತಿದ ರೈ ಧಾನ್ಯದ ರೊಟ್ಟಿ ತಿಂದು ಕಾಯಿಲೆ ಬಿದ್ದವರನ್ನು ಅವರು ನೋಡಿಕೊಳ್ಳುತ್ತಿದ್ದರು. ಆ ಕಾಯಿಲೆಗೆ ಹೆಸರೇ 'ಸಂತ ಅಂತೋನಿಯ ಬೆಂಕಿ'. ಮೈಯೆಲ್ಲ ಉರಿ, ಕೈಕಾಲು ಕಪ್ಪಾಗಿ ಕೊಳೆಯೋದು, ಎಷ್ಟೋ ಸಲ ಕತ್ತರಿಸಿ ಹಾಕೋದು. ಅಂಥವನು ಈ ಚಿತ್ರದ ಮುಂದೆ ಬಂದಾಗ ಕಂಡದ್ದು ತನ್ನದೇ ಮೈ. ನುಣ್ಣಗೆ ಗುಲಾಬಿ ಬಣ್ಣದ ಯೇಸುವನ್ನು ತೋರಿಸಿದ್ದರೆ ಅವನಿಗೆ ಅದರಿಂದ ಏನಾಗಬೇಕಿತ್ತು?

ಕುರಿಮರಿಯ ಎದೆಯಿಂದ ರಕ್ತ ಬಟ್ಟಲಿಗೆ ಬೀಳುತ್ತಿದೆ, ನೋಡಿ. ಅದು ಪ್ರಭುಭೋಜನದ ಬಟ್ಟಲು, ಅಂದರೆ ಚರ್ಚಿನಲ್ಲಿ ಯೇಸುವಿನ ರಕ್ತ ಅಂತ ದ್ರಾಕ್ಷಾರಸ ಕುಡಿಯುವ ಬಟ್ಟಲು. ಯೇಸುವನ್ನು 'ದೇವರ ಕುರಿಮರಿ' ಅಂದವನು ಸ್ನಾನಿಕ ಯೋಹಾನ. ಪಕ್ಕದಲ್ಲಿ ಉದ್ದ ಬೆರಳು ಚಾಚಿ ನಿಂತಿರುವವನು ಅವನೇ. ತಮಾಷೆ ಏನೆಂದರೆ ಯೇಸು ಶಿಲುಬೆಗೇರುವ ಹೊತ್ತಿಗೆ ದೊರೆ ಹೆರೋದ ಈ ಯೋಹಾನನ ತಲೆ ತೆಗೆಸಿ ಆಗಿತ್ತು. ಗ್ರೂನೆವಾಲ್ಟ್‌ಗೆ ಇದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ, ಅವನು ಅಲ್ಲಿ ನಡೆದದ್ದರ ಫೋಟೋ ತೆಗೆಯುತ್ತಿಲ್ಲ. ಬೆರಳಿನ ಹತ್ತಿರ ಲ್ಯಾಟಿನ್‌ನಲ್ಲಿ ಬರೆದಿದೆ: ಅವನು ಹೆಚ್ಚಬೇಕು, ನಾನು ಕಡಿಮೆಯಾಗಬೇಕು. ಅಳತೆಯೂ ಅದಕ್ಕೆ ತಕ್ಕ ಹಾಗೇ ಇದೆ. ಯೇಸು ಭಾರೀ ದೊಡ್ಡವನು, ಕಾಲಬುಡದ ಮಗ್ದಲದ ಮರಿಯ ಪುಟ್ಟ ಗೊಂಬೆಯಷ್ಟು.

ಚಿನ್ನದರೇಕು:
ನಾನು ಒಪ್ಪಲ್ಲ. ನೋವನ್ನು ನೋವಿನ ಹಾಗೇ ಬರೆದುಬಿಟ್ಟರೆ ಪವಿತ್ರ ಕಲೆ ಆಗಿಬಿಡುತ್ತಾ? ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ 6ನೇ ಶತಮಾನದಲ್ಲಿ ಬರೆದ ಯೇಸುವಿನ ಐಕಾನ್ (ಪ್ರಾರ್ಥನೆಗೆ ಇಡುವ ಪವಿತ್ರ ಚಿತ್ರ) ಇದೆ, ಬಣ್ಣವನ್ನು ಮೇಣದಲ್ಲಿ ಕಲಸಿ ಬರೆದದ್ದು. ಮುಖದ ಒಂದು ಪಕ್ಕ ಮುಚ್ಚಿ ನೋಡಿ, ಆಮೇಲೆ ಇನ್ನೊಂದು. ಒಂದು ಶಾಂತ, ಇನ್ನೊಂದು ಬಿಗಿ. ಇಬ್ಬರು ಬೇರೆಬೇರೆ ಮನುಷ್ಯರು ಅನ್ನಿಸುತ್ತದೆ. ಕರುಣೆ ಮತ್ತು ತೀರ್ಪು ಅಂತ ಕೆಲವರು ಓದುತ್ತಾರೆ, ಮನುಷ್ಯ ಮತ್ತು ದೇವರು ಅಂತ ಇನ್ನು ಕೆಲವರು. ಒಂದು ಹನಿ ರಕ್ತ ಇಲ್ಲ.

ಐಕಾನ್‌ಗಳ ಚಿನ್ನವೂ ಅಷ್ಟೇ, ಶ್ರೀಮಂತಿಕೆಗಲ್ಲ. ಅದು ಬೆಳಕು. ಆ ಬೆಳಕು ಯಾವುದೋ ಒಂದು ಕಡೆಯಿಂದ ಬರೋದಲ್ಲ, ಅದಕ್ಕೇ ಅಲ್ಲಿ ಯಾರ ನೆರಳೂ ನೆಲಕ್ಕೆ ಬೀಳಲ್ಲ. ಇಂಥ ಪವಿತ್ರ ಚಿತ್ರ ಇರಬೇಕಾ ಬೇಡವಾ ಅಂತ ಬೈಜಾಂಟಿಯಂನಲ್ಲಿ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದಲ್ಲಿ, ನೂರು ವರ್ಷಕ್ಕೂ ಜಾಸ್ತಿ ಕಿತ್ತಾಡಿದರು. 787ರಲ್ಲಿ ನೈಸಿಯಾದಲ್ಲಿ ಸೇರಿದ ಧರ್ಮಗುರುಗಳ ಸಭೆ ಹೇಳಿದ್ದು, ಚಿತ್ರಕ್ಕೆ ಕೊಟ್ಟ ಗೌರವ ಚಿತ್ರದಲ್ಲಿರುವವನಿಗೆ ಹೋಗಿ ಸೇರುತ್ತದೆ ಅಂತ. ಅಂದಮೇಲೆ ಚಿತ್ರ ನಮ್ಮನ್ನು ಆಚೆ ದಾಟಿಸಬೇಕು, ಅಲ್ವಾ? ಹುಣ್ಣು ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ.

ಮೂಲೆಬೆಂಚು:
ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ಚೆಲುವಿಗೆ ಮೂರು ಬೇಕು ಅಂದಿದ್ದ: ಪೂರ್ಣತೆ, ಹೊಂದಿಕೆ, ಹೊಳಪು. ಅದೇ ಜಾಗದಲ್ಲಿ, ವಿಕಾರವಾದದ್ದನ್ನು ಸರಿಯಾಗಿ ತೋರಿಸಿದ ಚಿತ್ರವನ್ನೂ ಚಂದ ಅನ್ನುತ್ತೇವೆ ಅಂತಲೂ ಬರೆದಿದ್ದಾನೆ.

ಬಣ್ಣದಡಬ್ಬಿ:
ಅದು ಕೈಚಳಕದ ಮಾತಾಯಿತು. ಗ್ರೂನೆವಾಲ್ಟ್‌ನ ಕೈ ಬಗ್ಗೆ ನನಗೆ ಅನುಮಾನವೇ ಇಲ್ಲ. ಆ ಮೈ ಚಂದವಾ ಅನ್ನೋದು ನನ್ನ ಪ್ರಶ್ನೆ.

ಹಳೇಕುಂಚ:
ಈ ಜಗಳ ಬೈಬಲ್ಲಿನಲ್ಲೇ ಇದೆ. 45ನೇ ಕೀರ್ತನೆಯ ರಾಜ ಎಲ್ಲ ಮನುಷ್ಯರಿಗಿಂತ ಸುಂದರ. ಪ್ರವಾದಿ ಯೆಶಾಯನ ಪುಸ್ತಕದ 53ನೇ ಅಧ್ಯಾಯದ ಸೇವಕನಿಗೆ ರೂಪವೂ ಇಲ್ಲ, ಅಂದವೂ ಇಲ್ಲ. ಹಳೇ ಕಾಲದ ಕ್ರೈಸ್ತ ಗುರು ಅಗಸ್ಟೀನ್ ಎರಡನ್ನೂ ಯೇಸುವಿಗೇ ಅನ್ವಯಿಸಿ, ಶಿಲುಬೆಯ ಮೇಲೂ ಅವನು ಚೆಲುವನೇ ಅಂದ. ಯಾಕೆಂದರೆ ಆ ವಿಕಾರವನ್ನು ಅವನು ಪ್ರೀತಿಯಿಂದ ತಾನಾಗಿ ತೆಗೆದುಕೊಂಡದ್ದು. ಚಿನ್ನದರೇಕು ಅವರೇ, ಅದೇ ಬಲಿಪೀಠದ ಪುನರುತ್ಥಾನದ, ಅಂದರೆ ಯೇಸು ಸತ್ತು ಮತ್ತೆ ಎದ್ದು ಬರುವ, ಫಲಕ ನೋಡಿದ್ದೀರಾ? ನಿಮ್ಮ ಬೆಳಕು ಅಲ್ಲಿದೆ.

ಬಣ್ಣದಡಬ್ಬಿ:
ಈಗ ಹುಡುಕಿ ನೋಡಿದೆ. ಅಬ್ಬಾ. ಹುಣ್ಣು ಒಂದೂ ಇಲ್ಲ, ಮೊಳೆಯ ಗಾಯ ಮಾತ್ರ ಹಾಗೇ ಉಳಿದು ಹೊಳೆಯುತ್ತಿದೆ. ಮುಖ ಸುತ್ತಲಿನ ಹಳದಿ ಬೆಳಕಿನಲ್ಲಿ ಕರಗಿಯೇ ಹೋಗಿದೆ. ಇದು ಆ ರೋಗಿಗಳಿಗೆ ದಿನಾ ಕಾಣಿಸುತ್ತಿತ್ತಾ?

ಹಳೇಕುಂಚ:
ಇಲ್ಲ. ಫಲಕಗಳು ಬಾಗಿಲಿನ ಹಾಗೆ ತೆರೆಯುತ್ತಿದ್ದವು. ಶಿಲುಬೆಯ ಚಿತ್ರ ಇದ್ದದ್ದು ಹೊರಗಿನ ಬಾಗಿಲುಗಳ ಮೇಲೆ, ಪುನರುತ್ಥಾನ ಒಳಗೆ. ಅವನ್ನು ತೆರೆಯುತ್ತಿದ್ದದ್ದು ದೊಡ್ಡ ಹಬ್ಬಗಳಲ್ಲಿ. ಉಳಿದ ದಿನ ಹುಣ್ಣಿನ ಮೈಯೇ.

ಚಿನ್ನದರೇಕು:
ಹಾಗಿದ್ದರೆ ಅರ್ಧ ಒಪ್ಪಿದೆ. ಇನ್ನರ್ಧಕ್ಕೆ ಫ್ರಾನ್ಸಿನ ಕೋಲ್ಮಾರ್‌ಗೇ ಹೋಗಿ ನೋಡಬೇಕು. ಈಗ ಅಲ್ಲೇ ತಾನೇ ಇರೋದು?

ಹಳೇಕುಂಚ:
ಹೌದು, ಉಂಟರ್‌ಲಿಂಡೆನ್ ಮ್ಯೂಸಿಯಂನಲ್ಲಿ. ಫಲಕಗಳನ್ನು ಬಿಡಿಸಿ ಬೇರೆಬೇರೆ ನಿಲ್ಲಿಸಿದ್ದಾರೆ. ಹಬ್ಬಕ್ಕೆ ಕಾಯಬೇಕಾಗಿಲ್ಲ.