ಸವಾರಿ ಕುದುರೆಯ ಲಾಳ ತೆಗೆಸಬೇಕಾ ಅಂತ ಕೇಳಿದವರಿಗೆ, ನನ್ನ ಅನುಭವ

ಒಂಬತ್ತು ವರ್ಷದ ಹೆಣ್ಣು ಕುದುರೆ, ವಾರದಲ್ಲಿ ನಾಲ್ಕೈದು ದಿನ ಸವಾರಿ, ದಾರಿ ಅರ್ಧ ಮಣ್ಣು, ಅರ್ಧ ಜಲ್ಲಿ. ನಾಲ್ಕೂ ಕಾಲಿಗೆ ಲಾಳ ಇದೆ, ತೆಗೆಸಿ ಬರಿಗಾಲಲ್ಲಿ ಬಿಡಬಹುದಾ ಅಂತ ಕೇಳಿದ್ದೀರಿ. ನಾನು ಸಾಕಿರುವ ಎರಡರಲ್ಲಿ ಗಂಡು ಕುದುರೆಗೆ ಲಾಳವೇ ಇಲ್ಲ. ಹೆಣ್ಣು ಕುದುರೆಗೆ ಮುಂಗಾಲಿಗೆ ಮಾತ್ರ ಇದೆ. ಒಂದೇ ಕೊಟ್ಟಿಗೆ, ಒಂದೇ ಮೇವು, ಒಂದೇ ದಾರಿ. ಆದರೂ ಎರಡರ ಗೊರಸೂ ಬೇರೆ ಬೇರೆ. ಹಾಗಾಗಿ "ಎಲ್ಲ ಕುದುರೆಗೂ ಬರಿಗಾಲೇ ಒಳ್ಳೇದು" ಅನ್ನೋರ ಮಾತನ್ನೂ, "ಸವಾರಿ ಅಂದ ಮೇಲೆ ಲಾಳ ಬೇಕೇ ಬೇಕು" ಅನ್ನೋರ ಮಾತನ್ನೂ ನಾನು ಒಪ್ಪುವುದಿಲ್ಲ.

ಮೊದಲು ನೋಡಬೇಕಾದದ್ದು ಸವೆತ. ಗೊರಸಿನ ಗೋಡೆ, ಅಂದರೆ ಸುತ್ತಲಿನ ಗಟ್ಟಿ ಹೊರಭಾಗ, ತಿಂಗಳಿಗೆ ಹೆಚ್ಚುಕಡಿಮೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಮೆತ್ತನೆ ಮಣ್ಣಲ್ಲಿ ಓಡಾಡುವ ಕುದುರೆಗೆ ಅಷ್ಟು ಸವೆಯುವುದೇ ಇಲ್ಲ, ಅರ ಹಾಕಿ ಉಜ್ಜಿಸಲೇಬೇಕು. ಗಟ್ಟಿ ನೆಲದ ಮೇಲೆ ದಿನಾ ಗಂಟೆಗಟ್ಟಲೆ ಹೋಗುವ ಕುದುರೆಗೆ ಬೆಳೆದದ್ದಕ್ಕಿಂತ ಸವೆದದ್ದೇ ಜಾಸ್ತಿ ಆಗಬಹುದು. ಅಂಥಾ ಕಡೆ ಲಾಳ ಹಾಕಿಸಬೇಕು, ಇಲ್ಲವೇ ಸವಾರಿಯ ಹೊತ್ತಿಗೆ ಗೊರಸಿನ ಬೂಟು ತೊಡಿಸಬೇಕು. ಇದರಲ್ಲಿ ಸೋಲು ಗೆಲುವಿನ ಮಾತೇನೂ ಇಲ್ಲ.

ಆಮೇಲೆ ಕಾಲೆತ್ತಿ ನೋಡಿ. ಅಂಗಾಲು ಚಪ್ಪಟೆಯಾಗಿದೆಯಾ, ಸ್ವಲ್ಪ ಒಳಗೆ ಬಾಗಿದೆಯಾ? ಹೆಬ್ಬೆರಳಿಂದ ಬಲವಾಗಿ ಒತ್ತಿದಾಗ ಜಗ್ಗಿದರೆ ಅಂಗಾಲು ತೆಳು ಅಂತ ಅರ್ಥ. ಗೋಡೆಯೂ ಅಂಗಾಲೂ ಸೇರುವ ಬಿಳಿ ಗೆರೆ ಬಿಗಿಯಾಗಿರಬೇಕು. ಅದು ಅಗಲವಾಗಿ, ಮಣ್ಣು ಕಲ್ಲು ಸಿಕ್ಕಿಕೊಂಡಿದ್ದರೆ ಗೋಡೆಯ ಹಿಡಿತ ಸಡಿಲವಾಗಿದೆ. ನಡುವಿನ ತ್ರಿಕೋನದ ಭಾಗ, ಫ್ರಾಗ್ ಅಂತಾರಲ್ಲ, ಅದು ಅಗಲವಾಗಿ ರಬ್ಬರಿನ ಹಾಗೆ ಇರಬೇಕು. ಕಪ್ಪಾಗಿ, ಮೆತ್ತಗಾಗಿ, ಕೊಳೆತ ವಾಸನೆ ಬಂದರೆ ಮೊದಲು ಆ ಸೋಂಕು ವಾಸಿಯಾಗಲಿ. ನೋಯುವ ಫ್ರಾಗ್ ಇಟ್ಟುಕೊಂಡು ಕುದುರೆ ಹಿಮ್ಮಡಿ ಊರುವುದಿಲ್ಲ, ಮೊನೆ, ಅಂದರೆ ಗೊರಸಿನ ಮುಂದಿನ ತುದಿ, ಮೊದಲು ಊರುತ್ತದೆ. ಹಾಗಾದರೆ ಹಿಮ್ಮಡಿ ಯಾವತ್ತೂ ಗಟ್ಟಿಯಾಗುವುದಿಲ್ಲ.

ಸಾಧ್ಯವಿದ್ದರೆ ಪಶುವೈದ್ಯರಿಂದ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸಿ. ಅಂಗಾಲಿನ ದಪ್ಪ ಎಷ್ಟಿದೆ ಅಂತ ಅದರಲ್ಲಿ ಸರಿಯಾಗಿ ಗೊತ್ತಾಗುತ್ತದೆ. 10 ಮಿಲಿಮೀಟರಿಗಿಂತ ಕಡಿಮೆ ಇರುವ ಕುದುರೆಯನ್ನು ನಾನಾದರೆ ಜಲ್ಲಿ ಮೇಲೆ ಬರಿಗಾಲಲ್ಲಿ ನಡೆಸುವುದಿಲ್ಲ. ನಮ್ಮ ಹೆಣ್ಣು ಕುದುರೆಗೆ ಮುಂಗಾಲಲ್ಲಿ ಲಾಳ ಉಳಿದದ್ದೂ ಇದೇ ಕಾರಣಕ್ಕೆ. ಲಾಳ ತೆಗೆಸಿದ ಮೇಲೆ ಮಣ್ಣಲ್ಲಿ ಚೆನ್ನಾಗೇ ನಡೆಯುತ್ತಿತ್ತು. ಜಲ್ಲಿ ಶುರುವಾದ ಕೂಡಲೇ ಕಿವಿ ಹಿಂದಕ್ಕೆ ಹಾಕಿ ಹೆಜ್ಜೆ ಚಿಕ್ಕದು ಮಾಡುತ್ತಿತ್ತು, ದಾರಿ ಬದಿಯ ಹುಲ್ಲಿನ ಕಡೆಗೇ ಎಳೆಯುತ್ತಿತ್ತು. ಇಳಿಜಾರಲ್ಲಂತೂ ನಿಂತೇ ಬಿಡುತ್ತಿತ್ತು. ಅದಕ್ಕೆ ಸೋಮಾರಿತನ, ಹಟ ಅಂತ ಹೆಸರು ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಅನ್ನಬೇಡಿ, ಅದು ನೋವು. "ಕೆಲವು ತಿಂಗಳು ಕುಂಟಿದರೂ ಒಗ್ಗಿಕೊಳ್ಳುತ್ತೆ" ಅಂತ ಯಾರು ಹೇಳಿದರೂ ಕೇಳಬೇಡಿ. ನೋಯುವ ಕಾಲಲ್ಲಿ ನಡೆದು ಯಾವ ಗೊರಸೂ ಸುಧಾರಿಸುವುದಿಲ್ಲ.

ಇನ್ನೊಂದು ವಿಷಯ ಎಷ್ಟೋ ಜನ ಗಮನಿಸುವುದೇ ಇಲ್ಲ: ಮೇವು. ಸಕ್ಕರೆ, ಪಿಷ್ಟ ಜಾಸ್ತಿ ಇರುವ ಹುಲ್ಲು, ಕಾಳು ತಿಂದು ದಪ್ಪಗಾದ ಕುದುರೆಗೆ ಗೊರಸಿನೊಳಗೆ ಸಣ್ಣಗೆ ಉರಿಯೂತ ಇರಬಹುದು. ಲ್ಯಾಮಿನೈಟಿಸ್ ಅಂದರೆ ಅದೇ. ಗೊರಸು ಮುಟ್ಟಿದರೆ ಬಿಸಿ, ಗೊರಸಿನ ಮೇಲಿನ ಗಿಣ್ಣಿನ ಹಿಂದೆ ಬೆರಳಿಟ್ಟರೆ ನಾಡಿ ಜೋರು, ತಿರುಗುವಾಗ ಹಿಂಜರಿಕೆ. ಇವು ಕಂಡರೆ ಲಾಳದ ಚರ್ಚೆ ಪಕ್ಕಕ್ಕಿಡಿ, ಆ ದಿನವೇ ವೈದ್ಯರನ್ನು ಕರೆಸಿ. ನನಗೆ ಗೊತ್ತಿರುವ ಒಬ್ಬರ ಕುದುರೆ ಬರಿಗಾಲಲ್ಲಿ ಕಲ್ಲು ಮೆಟ್ಟುತ್ತಲೇ ಇರಲಿಲ್ಲ. ಕಾಳು ನಿಲ್ಲಿಸಿ, ಹಸಿ ಹುಲ್ಲು ಕಡಿಮೆ ಮಾಡಿ, ಒಣ ಹುಲ್ಲಿಗೆ ತಂದ ಮೇಲೆ ಅದೇ ಗೊರಸು ಬಿಗಿಯಾಗಿ ಇಳಿಯತೊಡಗಿತು.

ತೆಗೆಸುವುದೇ ಆದರೆ ಕೆಲಸ ಕಡಿಮೆ ಇರುವ ಕಾಲದಲ್ಲಿ ತೆಗೆಸಿ. ಲಾಳದವರಿಗೆ ಮೊದಲೇ ಹೇಳಿ: ಅಂಗಾಲನ್ನಾಗಲಿ ಫ್ರಾಗನ್ನಾಗಲಿ ಕೆತ್ತುವುದು ಬೇಡ, ಗೋಡೆಯ ಅಂಚು ಮಾತ್ರ ದುಂಡಗೆ ಉಜ್ಜಲಿ, ಇಲ್ಲದಿದ್ದರೆ ಮೊಳೆ ತೂತಿನ ಹತ್ತಿರ ಚಕ್ಕೆ ಏಳುತ್ತದೆ. ಆ ತೂತುಗಳು ದಿನೇ ದಿನೇ ಕೆಳಗಿಳಿದು ತಾವಾಗೇ ಹೋಗುತ್ತವೆ. ಆದರೆ ಕೂದಲಂಚಿನಿಂದ ಮೊನೆವರೆಗೆ ಪೂರ್ತಿ ಹೊಸ ಗೋಡೆ ಇಳಿಯಲು 9ರಿಂದ 12 ತಿಂಗಳು ಬೇಕು. ಅಲ್ಲಿಯವರೆಗೆ ಜಲ್ಲಿಯಲ್ಲಿ ಬೂಟು, ಮಣ್ಣಲ್ಲಿ ಬರಿಗಾಲು. ಬೂಟಿನ ಅಳತೆ ಮಾತ್ರ ಗೊರಸು ಉಜ್ಜಿಸಿದ ಮೇಲೆ ತೆಗೆದುಕೊಳ್ಳಿ. ಸಡಿಲ ಬೂಟು ಹಿಮ್ಮಡಿಯ ಚರ್ಮ ಉಜ್ಜಿ ಹಾಕುತ್ತದೆ.

ಲಾಳ ಉಳಿಸಿಕೊಳ್ಳುವುದಾದರೂ ಕಾಲ ತಪ್ಪಿಸಬೇಡಿ. ಲಾಳ ಇರುವಾಗ ಗೊರಸು ಹೆಚ್ಚು ಸವೆಯುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಐದಾರು ವಾರಕ್ಕೊಮ್ಮೆ ಬಿಚ್ಚಿ ಕಟ್ಟದಿದ್ದರೆ ಮೊನೆ ಉದ್ದವಾಗಿ ಕಾಲಿನ ಹಿಂಬದಿಯ ಸ್ನಾಯುರಜ್ಜುಗಳ ಮೇಲೆ ಎಳೆತ ಬೀಳುತ್ತದೆ. ಲಾಳ ಕಿತ್ತು ಬಂದರೆ ಗೋಡೆಯ ಚೂರೂ ಜೊತೆಗೇ ಬರುತ್ತದೆ.

ನಿಮ್ಮ ಕುದುರೆಗೆ ನಾನು ಹೇಳುವುದಿಷ್ಟು: ಮೊದಲು ಹಿಂಗಾಲಿನ ಎರಡು ಮಾತ್ರ ತೆಗೆಸಿ. ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲಿನ ಮೇಲೇ ಬೀಳುವುದರಿಂದ ಹಿಂಗಾಲು ಸುಲಭವಾಗಿ ಒಗ್ಗುತ್ತದೆ. ಬೇರೆ ಕುದುರೆಗಳ ಜೊತೆ ಬಿಟ್ಟಾಗ ಒದ್ದರೂ ಪೆಟ್ಟು ಕಡಿಮೆ. ಜಲ್ಲಿಯಲ್ಲಿ ಅದರ ಹಿಂಗಾಲಿನ ಹೆಜ್ಜೆ ಮೊದಲಿನಷ್ಟೇ ಉದ್ದ ಇದೆಯಾ ಅಂತ ಯಾರಿಗಾದರೂ ಪಕ್ಕದಿಂದ ವಿಡಿಯೋ ಮಾಡಲು ಹೇಳಿ. ಮುಂಗಾಲಿನ ಮಾತು ಎಕ್ಸ್‌ರೇ ಬಂದ ಮೇಲೆ ನೋಡೋಣ. ದಪ್ಪ ಎಷ್ಟಿತ್ತು ಅಂತ ತಿಳಿಸಿ.