‘ಕಾಂ.’ ಅಂದ್ರೆ ಬಿ.ಕಾಂ. ಅಲ್ಲ

(ಧಾರವಾಡದ ನಮ್ಮ ಹಳೇ ಹಾಸ್ಟೆಲ್ ಗುಂಪು. ಬಸು ಮಗಳ ಮದುವೆ ಕಾರ್ಡ್ ಹಾಕಿದ್ದಾನೆ.)

ಮಂಜು, ಹಾವೇರಿ: ಶುಭಾಶಯ ಬಸು. ಒಂದು ಡೌಟು. ನಿನ್ನ ಹೆಸರಿಗಿಂತ ಮೊದಲು ‘ಕಾಂ.’ ಅಂತ ಇದೆ. ನೀನು ಬಿ.ಕಾಂ. ಫೇಲ್ ಅಲ್ವಾ? 😀

ಸುರೇಶ: ಲೇ, ಅದು ಕಾಮ್ರೇಡ್. ಯೂನಿಯನ್ ಮನುಷ್ಯ ಅವನು.

ಗುರು: ಮದುವೆ ಕಾರ್ಡಲ್ಲೂ ಪಾರ್ಟಿನಾ? ನಾಳೆ ನಕ್ಸಲ್ ಅಂತಾನೂ ಹಾಕಿಸ್ತೀರಿ.

ನಾನು: ಗುರು, ನಕ್ಸಲ್ ಅನ್ನೋದು ಊರಿನ ಹೆಸರಿಂದ ಬಂದಿದ್ದು. ಬಂಗಾಳದ ನಕ್ಸಲ್‌ಬಾರಿ, 1967ರ ರೈತರ ದಂಗೆ. ಬಂದೂಕಿನ ದಾರಿ ಹಿಡಿದವರಿಗೆ ಆ ಹೆಸರು. ಧರಣಿ ಕೂತು, ಚಹಾ ಕುಡಿದು, ಸಂಜೆ ಮನೆಗೆ ಬರೋ ಬಸುಗೆ ಅಲ್ಲ.

ಗುರು: ಸರಿ. ಕಾಮ್ರೇಡ್ ಅಂದ್ರೆ ಕಮ್ಯುನಿಸ್ಟ್ ತಾನೆ?

ನಾನು: ಮೊದಲು ಹಾಗಿರಲಿಲ್ಲ. ಸ್ಪ್ಯಾನಿಷ್‌ನಲ್ಲಿ ‘ಕಾಮರಾ’ ಅಂದ್ರೆ ಕೋಣೆ. ಒಂದೇ ಕೋಣೆಯಲ್ಲಿ ಮಲಗೋರು ‘ಕಾಮರಾದಾ’. ಹುಬ್ಬಳ್ಳಿಯಲ್ಲಿ ಉರ್ದು ಮಂದಿ ಕೋಣೆಗೆ ಕಮರಾ ಅಂತಾರಲ್ಲ, ಅದೂ ಪೋರ್ಚುಗೀಸರಿಂದ ಬಂದ ಅದೇ ಬೇರಿನ ಪದ. ಕಾಮ್ರೇಡ್ ಅಂದ್ರೆ ರೂಮ್‌ಮೇಟ್, ಅಷ್ಟೇ. ಕಮ್ಯುನಿಸಂಗೆ ತಳಹದಿ ಹಾಕಿದ ಮಾರ್ಕ್ಸ್ ಹುಟ್ಟಿದ್ದು 1818ರಲ್ಲಿ, ಪದ ಅದಕ್ಕಿಂತ ಬಹಳ ಹಳೇದು.

ಸುರೇಶ: ಮೌಲಾನಾ ಮಹಮ್ಮದ್ ಅಲಿ 1911ರಲ್ಲಿ ಕಲ್ಕತ್ತಾದಲ್ಲಿ ಶುರು ಮಾಡಿದ ಪತ್ರಿಕೆ ಹೆಸರೂ ‘ಕಾಮ್ರೇಡ್’. ಅವರು ತುರ್ಕಿಯ ಖಲೀಫರ ಪರವಾಗಿ ನಡೆದ ಖಿಲಾಫತ್ ಚಳವಳಿಯವರು, ಕಮ್ಯುನಿಸ್ಟ್ ಅಲ್ಲ.

ಗುರು: ಬೇರು ಏನಾದ್ರೂ ಇರಲಿ. ಮರಾಠಿಯಲ್ಲಿ ದಾದಾ ಅಂದ್ರೆ ಅಣ್ಣ. ನಮ್ಮ ಓಣಿಯಲ್ಲಿ ದಾದಾ ಅಂದ್ರೆ ಯಾರು ಅಂತ ಗೊತ್ತಲ್ಲ? ಈಗ ಮಂದಿ ಹೇಗೆ ಬಳಸ್ತಾರೋ ಅದೇ ಅರ್ಥ.

(ಇಲ್ಲಿ ಗುರು ಗೆದ್ದ ಅಂತ ನನಗೂ ಅನಿಸಿತು. ಗುಂಪಲ್ಲಿ ಹೇಳಲಿಲ್ಲ.)

ನಾನು: ಬಳಕೆನೇ ನೋಡೋಣ. 1917ರ ಕ್ರಾಂತಿ ಆದಮೇಲೆ ರಷ್ಯದಲ್ಲಿ ದೊಡ್ಡವರ ಬಿರುದು ಎಲ್ಲ ತೆಗೆದರು. ಮಂತ್ರಿಗೂ ಕೂಲಿಯವನಿಗೂ ಒಂದೇ ಮಾತು, ‘ತವಾರಿಶ್’, ಅಂದ್ರೆ ಕಾಮ್ರೇಡ್. ನಮ್ಮ ಎಡಪಕ್ಷದವರು ಕನ್ನಡದಲ್ಲಿ ‘ಸಂಗಾತಿಗಳೇ’ ಅಂತಾರೆ.

ಮಂಜು: ಸಂಗಾತಿ ಅಂತ ಕಾರ್ಡಲ್ಲಿ ಹಾಕಿಸಿದ್ರೆ ಯಾರು ಮದುಮಗ ಅಂತಾನೇ ತಿಳಿಯಲ್ಲ. 😂

ಸುರೇಶ: ರೂಮ್‌ಮೇಟ್ ಅನ್ನೋದೇ ಅರ್ಥ ಆದ್ರೆ ಗುರು, ರೂಮ್ 14ರಲ್ಲಿ ಬಸು ಜೊತೆ ಮೂರು ವರ್ಷ ಇದ್ದವನು ನೀನೇ.

ಗುರು: ಅವನ ಗೊರಕೆ ಕೇಳಿದವನು ನಾನು. ನನ್ನ ಹೆಸರಿಗೂ ‘ಕಾಂ.’ ಹಾಕ್ರಿ ಹಾಗಾದ್ರೆ.

ಬಸು: ಎಲ್ಲರೂ ‘ಕಾಂ.’ ಓದಿದ್ರಿ. ತಾರೀಖು ಯಾರಾದ್ರೂ ಓದಿದ್ರಾ? ನಾಡಿದ್ದು ಇದೆ. ಹುಬ್ಬಳ್ಳಿಯವರು ಚಿಗರಿ ಬಸ್ ಹಿಡಿದು ಬರ್ರಿ. ಗುರು, ನೀನು ಹಿಂದಿನ ದಿನವೇ ಬಾ, ಮಲಗೋಕೆ ನನ್ನ ಕೋಣೆಯಲ್ಲೇ ಜಾಗ.